ನನ್ನ ನಂಬಿಕೆಗೆ ನಾನೇ ಹೊಣೆ



ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಹದಿಹರೆಯದ ಮಕ್ಕಳಿಗೆ ದೃಢೀಕರಣದ ತರಗತಿ ನಡೆಯುತ್ತದೆ. ಹತ್ತು ಆಜ್ಞೆಗಳು, ಕರ್ತನ ಪ್ರಾರ್ಥನೆ, ಅಪೊಸ್ತಲರ ವಿಶ್ವಾಸಪ್ರಮಾಣ ಇವನ್ನೆಲ್ಲ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಸಭಾಪಾಲಕರಿಂದ ಅರ್ಥ ಕೇಳಿಕೊಳ್ಳುತ್ತಾರೆ. ಆಮೇಲೆ ಒಂದು ಭಾನುವಾರ ಬಿಷಪರ ಮುಂದೆ ಮೊಣಕಾಲೂರುತ್ತಾರೆ. ಕೂಸಾಗಿದ್ದಾಗ, ದೀಕ್ಷಾಸ್ನಾನದ ದಿನ, ಅವರ ಪರವಾಗಿ ಹೆತ್ತವರು ಉತ್ತರ ಕೊಟ್ಟಿದ್ದರು. ಈಗ ಅವರವರೇ ಉತ್ತರ ಕೊಡಬೇಕು. ಕಥೋಲಿಕರಲ್ಲೂ ದೃಢೀಕರಣ ಸಂಸ್ಕಾರದ ಹೊತ್ತಿಗೆ ಜ್ಞಾನಸ್ನಾನದ ಪ್ರತಿಜ್ಞೆಗಳನ್ನು ಮಕ್ಕಳು ಸ್ವಂತ ಬಾಯಿಂದ ಮತ್ತೆ ಹೇಳುತ್ತಾರೆ. ಬ್ಯಾಪ್ಟಿಸ್ಟ್ ಮತ್ತು ಪೆಂತೆಕೊಸ್ತ ಸಭೆಗಳಲ್ಲಂತೂ ಕೂಸುಗಳಿಗೆ ದೀಕ್ಷಾಸ್ನಾನವೇ ಇಲ್ಲ. ತಿಳಿವಳಿಕೆ ಬಂದ ಮೇಲೆ ಅವರೇ ಬಂದು ಕೇಳಲಿ ಎನ್ನುತ್ತಾರೆ. ಕ್ರಮಗಳು ಬೇರೆ ಬೇರೆ ಇರಬಹುದು. ಆದರೆ ಒಬ್ಬರ ನಂಬಿಕೆಗೆ ಇನ್ನೊಬ್ಬರು ಕೊನೆಯತನಕ ಜವಾಬು ಹೇಳಲಾಗದು ಎಂಬುದನ್ನು ಎಲ್ಲ ಸಭೆಗಳೂ ಒಪ್ಪುತ್ತವೆ.

ಒಪ್ಪುವುದೇನೋ ಒಪ್ಪುತ್ತೇವೆ. ನಡೆಯುವುದು ಬೇರೆ. ದೃಢೀಕರಣ ಮುಗಿದ ಮಾರನೆಯ ವಾರದಿಂದಲೇ ಸಂಡೇ ಸ್ಕೂಲಿಗೆ ಮಕ್ಕಳು ಬರುವುದು ಕಡಿಮೆಯಾಗುತ್ತದೆ. ಪರೀಕ್ಷೆ ಪಾಸಾಯಿತು, ಇನ್ನು ಪುಸ್ತಕ ಮುಚ್ಚಿಡಬಹುದು ಎಂಬ ಭಾವ. ದೊಡ್ಡವರಾದ ಮೇಲೆ ಅವರನ್ನು ಕೇಳಿ ನೋಡಿ: ನೀವು ಯೇಸುವನ್ನು ಯಾಕೆ ನಂಬುತ್ತೀರಿ? ಅಜ್ಜನ ಕಾಲದಿಂದಲೂ ನಾವು ಕ್ರೈಸ್ತರು ಎನ್ನುವವರಿದ್ದಾರೆ. ಅಮ್ಮನ ಪ್ರಾರ್ಥನೆಯಿಂದಲೇ ಉಳಿದೆ ಎನ್ನುವವರಿದ್ದಾರೆ. ನಮ್ಮ ಪಾಸ್ಟರು ಹೇಳಿದ ಮೇಲೆ ಮುಗಿಯಿತು ಎನ್ನುವವರೂ ಇದ್ದಾರೆ. ಈ ಉತ್ತರಗಳಲ್ಲಿ ಸುಳ್ಳಿಲ್ಲ. ಆದರೆ ಪ್ರಶ್ನೆ ಕೇಳಿಸಿಕೊಂಡವರು ಎಲ್ಲಿದ್ದಾರೆ ಎಂದು ಹುಡುಕಿದರೆ, ಅಜ್ಜ ಸಿಗುತ್ತಾರೆ, ಅಮ್ಮ ಸಿಗುತ್ತಾರೆ, ಪಾಸ್ಟರು ಸಿಗುತ್ತಾರೆ, ಅವರು ಮಾತ್ರ ಸಿಗುವುದಿಲ್ಲ.

ಹಿರಿಯರಿಂದ ಬಂದ ನಂಬಿಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಸಂತ ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರು ಹಿಡಿದು ನೆನೆಯುತ್ತಾನೆ. ಅವರಲ್ಲಿದ್ದ ನಂಬಿಕೆ ಇವನಲ್ಲೂ ಇದೆ ಎಂದು ಸಂತೋಷಪಡುತ್ತಾನೆ. ಆದರೆ ಮರುಮಾತಿನಲ್ಲೇ ಒಂದು ಕೆಲಸ ಹೇಳುತ್ತಾನೆ: ನಿನಗೆ ಸಿಕ್ಕಿರುವ ವರವನ್ನು ನೀನು ಉರಿಸಬೇಕು. ಅಜ್ಜಿ ಕೊಟ್ಟದ್ದನ್ನು ಅಜ್ಜಿಯೇ ಬಂದು ಉರಿಸಿಕೊಡಲಾರಳು. ನಮ್ಮ ಹಳ್ಳಿಗಳಲ್ಲಿ ಅಪ್ಪನ ಜಮೀನು ಮಗನ ಅನುಭವಕ್ಕೆ ಬಂದರೂ ಪಹಣಿಯಲ್ಲಿ ಅಪ್ಪನ ಹೆಸರೇ ವರ್ಷಗಟ್ಟಲೆ ಉಳಿದಿರುತ್ತದೆ. ಬೆಳೆ ಉಣ್ಣುವುದಕ್ಕೆ ತೊಂದರೆ ಇಲ್ಲ. ಸಾಲಕ್ಕೋ ತಕರಾರಿಗೋ ಕಾಗದ ಬೇಕಾದಾಗ ಕಷ್ಟ ಗೊತ್ತಾಗುತ್ತದೆ. ಖಾತೆ ಬದಲಾವಣೆಗೆ ಮಗನೇ ಅರ್ಜಿ ಕೊಡಬೇಕು, ಆಮೇಲಿನ ಕಂದಾಯವನ್ನು ಅವನೇ ಕಟ್ಟಬೇಕು. ನಂಬಿಕೆಯ ವಿಷಯದಲ್ಲಿ ನಮ್ಮಲ್ಲಿ ಅನೇಕರು ಆ ಅರ್ಜಿಯನ್ನು ಇನ್ನೂ ಕೊಟ್ಟಿಲ್ಲ.

ಸುವಾರ್ತೆಗಳಲ್ಲಿ ಈ ವಿಷಯ ಮತ್ತೆ ಮತ್ತೆ ಬರುತ್ತದೆ. ಯೇಸುವನ್ನು ಹಿಡಿದು ತಂದು ಪಿಲಾತನ ಮುಂದೆ ನಿಲ್ಲಿಸಿದ್ದಾರೆ. ನೀನು ಯೆಹೂದ್ಯರ ಅರಸನೇನು ಎಂದು ಪಿಲಾತ ವಿಚಾರಿಸುತ್ತಾನೆ. ಯೇಸು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ. ಈ ಮಾತು ನಿನ್ನದೋ, ಇಲ್ಲ ಬೇರೆಯವರು ನನ್ನ ಬಗ್ಗೆ ನಿನಗೆ ಹೇಳಿಕೊಟ್ಟದ್ದೋ ಎಂದು ತಿರುಗಿ ಕೇಳುತ್ತಾನೆ. ಆರೋಪಿ ನ್ಯಾಯಾಧಿಪತಿಯನ್ನು ವಿಚಾರಣೆಗೆ ನಿಲ್ಲಿಸಿದ ಗಳಿಗೆ ಅದು. ಪಿಲಾತ ಜಾರಿಕೊಳ್ಳುತ್ತಾನೆ. ನಾನೇನು ಯೆಹೂದ್ಯನೇ, ನಿನ್ನ ಜನರೇ ನಿನ್ನನ್ನು ಒಪ್ಪಿಸಿದರು ಎನ್ನುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ನೀರು ತರಿಸಿ ಕೈ ತೊಳೆಯುತ್ತಾನೆ. ಅವನ ಹೆಸರು ಇಂದಿಗೂ ನಮ್ಮ ವಿಶ್ವಾಸಪ್ರಮಾಣದಲ್ಲಿ ಉಳಿದಿದೆ. ಹೊಣೆಯನ್ನು ತೊಳೆದುಕೊಳ್ಳಲು ಹೋದವನ ಹೆಸರನ್ನು ನಾವು ಪ್ರತಿ ಆರಾಧನೆಯಲ್ಲೂ ಹೇಳುತ್ತೇವೆ.

ಇದಕ್ಕೆ ಎದುರಾಗಿ ನಿಲ್ಲುವವರು ಸಮಾರ್ಯದ ಒಂದು ಊರಿನವರು. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬಾವಿಗೆ ನೀರು ಸೇದಲು ಬಂದ ಹೆಂಗಸು ಯೇಸುವಿನೊಡನೆ ಮಾತಾಡಿ, ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡುತ್ತಾಳೆ. ಅವಳ ಮಾತು ಕೇಳಿ ಜನ ಬರುತ್ತಾರೆ. ಎರಡು ದಿನ ಯೇಸುವನ್ನು ಊರಲ್ಲಿಟ್ಟುಕೊಂಡು ಕೇಳುತ್ತಾರೆ. ಆಮೇಲೆ ಅವಳಿಗೇ ಹೇಳುತ್ತಾರೆ: ಇನ್ನು ನಮ್ಮ ನಂಬಿಕೆ ನಿನ್ನ ಮಾತಿನ ಮೇಲೆ ನಿಂತಿಲ್ಲ, ನಾವೇ ಕೇಳಿ ತಿಳಿದಿದ್ದೇವೆ. ಸಾಕ್ಷಿ ಹೇಳಿದವರ ಕೆಲಸ ಅಲ್ಲಿಗೆ ಮುಗಿಯಬೇಕು, ಕೇಳಿದವರ ಕೆಲಸ ಅಲ್ಲಿಂದ ಶುರುವಾಗಬೇಕು. ಈ ಅಧ್ಯಾಯವನ್ನು ನೆನಪಿನಲ್ಲಿಡಿ. ನಾನೀಗ ಹೇಳಹೊರಟಿರುವ ಒಬ್ಬ ಮಹಿಳೆಯ ಬದುಕನ್ನು ತಿರುಗಿಸಿದ್ದು ಇದೇ ಅಧ್ಯಾಯ.

ಅವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರೆಂದು ಎಲ್ಲರೂ ತಿಳಿದಿದ್ದಾರೆ. ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಸಮಾಧಾನ ಹೇಳಬೇಕಾಯಿತು. ಶಾಸ್ತ್ರಗ್ರಂಥಗಳನ್ನೇ ಆಧಾರವಾಗಿಟ್ಟುಕೊಂಡು ಹೆಂಗಸರೂ ಕಲಿಯಬಹುದೆಂದು ವಾದಿಸಿದರು. ಊರಿನ ಮಾತಿಗೆ ಬಗ್ಗದೆ, ಗ್ರಂಥವನ್ನು ತಾನೇ ತೆರೆದು ನೋಡುವ ಗುಣ ಆ ಮನೆಯಲ್ಲಿ ಮೊದಲೇ ಇತ್ತು. ಮಗಳಿಗೆ ತಾಯಿಯೇ ಸಂಸ್ಕೃತ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣ ತಂಗಿ ದೇಶದ ಉದ್ದಗಲ ನಡೆದು 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಕೊಟ್ಟರು.

ಅಣ್ಣ ತೀರಿಕೊಂಡ ಮೇಲೆ ಅವರು ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. ಸಿಲ್ಚಾರ್‌ನ ಆ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನೂ ತೀರಿಕೊಂಡರು. ಕೂಸು ಮನೋರಮೆಯನ್ನೆತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಹೆಣ್ಣುಮಕ್ಕಳಿಗೆ ಶಿಕ್ಷಣ ಮತ್ತು ವೈದ್ಯೆಯರು ಬೇಕೆಂದು ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ಕೊಟ್ಟರು. 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದವರು ಅವರಿಗೆ ಆಸರೆ ಕೊಟ್ಟಿದ್ದರು. ಲಂಡನ್ನಿನ ಫುಲಮ್‌ನಲ್ಲಿ ಆ ಸಿಸ್ಟರುಗಳು ನಡೆಸುತ್ತಿದ್ದ ಮನೆಯನ್ನು ನೋಡಿದರು. ಸಮಾಜ ಕೆಟ್ಟವರೆಂದು ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇವರ ಮೇಲೆ ನಿಮಗೇಕೆ ಇಷ್ಟು ಅಕ್ಕರೆ ಎಂದು ರಮಾಬಾಯಿ ವಿಚಾರಿಸಿದಾಗ, ಒಬ್ಬ ಸಿಸ್ಟರು ಅವರಿಗೆ ಓದಿ ತೋರಿಸಿದ್ದು ಸಮಾರ್ಯದ ಹೆಂಗಸಿನ ಆ ಅಧ್ಯಾಯವನ್ನು.

ಅಷ್ಟಕ್ಕೇ ಅವರು ತಲೆ ಬಾಗಿಸಲಿಲ್ಲ. ಓದಿದರು, ಚರ್ಚೆ ಮಾಡಿದರು. ಚಿತ್ಪಾವನ ಪಂಡಿತರಾಗಿದ್ದು ಕ್ರೈಸ್ತರಾದ ನೆಹೆಮಿಯ ಗೋರೆಯವರ ಬರಹ ಅವರ ಸಂಶಯಗಳಿಗೆ ಉತ್ತರ ಕೊಟ್ಟಿತು. 1883ರ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಪುಣೆಯ ಪತ್ರಿಕೆಗಳು ಕಿಡಿ ಕಾರಿದವು. ಜೋತಿಬಾ ಫುಲೆಯವರು ಅವರ ಪರವಾಗಿ ಬರೆದರು. ಮತಾಂತರದ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ರಮಾಬಾಯಿಯವರ ನಿಜವಾದ ಕಥೆ ಇಲ್ಲಿಂದ ಶುರು.

ಕನ್ಯಾಮಠದ ಸಿಸ್ಟರ್ ಜೆರಾಲ್ಡಿನ್ ಅವರು ರಮಾಬಾಯಿಯವರ ಆತ್ಮಿಕ ತಾಯಿಯ ಸ್ಥಾನದಲ್ಲಿದ್ದರು. ಹೊಸದಾಗಿ ಸಭೆಗೆ ಸೇರಿದವಳು ಸಭೆ ಕಲಿಸಿದ್ದನ್ನು ವಿನಯದಿಂದ ಒಪ್ಪಿಕೊಳ್ಳಬೇಕೆಂಬುದು ಅವರ ನಿರೀಕ್ಷೆ. ರಮಾಬಾಯಿ ಒಪ್ಪಲಿಲ್ಲ. ಅಥನಾಸಿಯಸನ ಹೆಸರಿನ ವಿಶ್ವಾಸಪ್ರಮಾಣವನ್ನು ತಾನು ಯಾಕೆ ಹೇಳಬೇಕು, ತ್ರಿತ್ವದ ಬೋಧನೆಗೆ ಸತ್ಯವೇದದಲ್ಲಿ ಆಧಾರವೆಲ್ಲಿದೆ ಎಂದು ಪತ್ರದ ಮೇಲೆ ಪತ್ರ ಬರೆದರು. ಒಂದು ಪುರೋಹಿತವರ್ಗದ ನೊಗವನ್ನು ಈಗಷ್ಟೇ ಇಳಿಸಿ ಬಂದಿದ್ದೇನೆ, ಇನ್ನೊಂದಕ್ಕೆ ಕುತ್ತಿಗೆ ಒಡ್ಡಲಾರೆ ಎಂಬುದು ಅವರ ನಿಲುವು. ಲ್ಯಾಟಿನ್ ಅಕ್ಷರ ಕೆತ್ತಿದ ಶಿಲುಬೆಯ ಮಾತು ಬಂದಾಗ, ಆ ಭಾಷೆ ನನಗೂ ಗೊತ್ತಿಲ್ಲ, ನನ್ನ ನಾಡಿನ ಹೆಂಗಸರಿಗೂ ಗೊತ್ತಿಲ್ಲ, ಸಂಸ್ಕೃತದಲ್ಲಿ ಯಾಕಿರಬಾರದು ಎಂದು ವಾದಿಸಿದರು. ಮಾಂಸ ತಿನ್ನಲಿಲ್ಲ. ಪುರುಷ ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುವುದು ಬೇಡವೆಂದು ಭಾರತದಲ್ಲಿದ್ದ ಬಿಷಪರು ಸಲಹೆ ಕೊಟ್ಟಾಗ, ನನ್ನ ಸ್ವಾತಂತ್ರ್ಯದ ಮೇಲೆ ಯಾರೂ ಕೈ ಹಾಕಬಾರದೆಂದು ಖಂಡಿತವಾಗಿ ಹೇಳಿದರು.

ಸಿಸ್ಟರ್ ಜೆರಾಲ್ಡಿನ್ ಇದನ್ನೆಲ್ಲ ಅಹಂಕಾರ ಎಂದರು. ಅವರಿಗೂ ನ್ಯಾಯ ಸಲ್ಲಬೇಕು. ಸಭೆಯ ಶತಮಾನಗಳ ವಿವೇಕಕ್ಕಿಂತ ಎರಡು ವರ್ಷ ಓದಿದವಳ ವಿವೇಚನೆ ದೊಡ್ಡದೇ ಎಂಬ ಅವರ ಆತಂಕದಲ್ಲಿ ತೂಕವಿದೆ. ತಮ್ಮನ್ನೇ ಎದುರು ಹಾಕಿಕೊಂಡ ಆ ಪತ್ರಗಳನ್ನು ಅವರು ಹರಿದು ಹಾಕಲಿಲ್ಲ. ಜೋಪಾನವಾಗಿ ಸಂಗ್ರಹಿಸಿಟ್ಟರು, ಅವು 1977ರಲ್ಲಿ ಪುಸ್ತಕವಾಗಿ ಬಂದವು. ಆ ಪತ್ರಗಳನ್ನು ಓದುವವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ರಮಾಬಾಯಿ ಪ್ರಶ್ನೆ ಕೇಳುತ್ತಿದ್ದದ್ದು ಬಿಟ್ಟು ಹೋಗಲು ನೆಪ ಬೇಕಾಗಿತ್ತೆಂದಲ್ಲ. ಹೇಳುವ ಪ್ರತಿಯೊಂದು ಮಾತಿಗೂ ತಾವೇ ಜಾಮೀನು ನಿಲ್ಲಬೇಕೆಂಬ ಹಟ ಅವರದು. ಊರಿನವರ ದೃಷ್ಟಿಯಲ್ಲಿ ದ್ರೋಹಿ, ಸಭೆಯವರ ದೃಷ್ಟಿಯಲ್ಲಿ ಹಟಮಾರಿ. ಈ ಎರಡೂ ಹೆಸರನ್ನು ಹೊತ್ತುಕೊಂಡು ಅವರು ಕ್ರೈಸ್ತರಾಗಿಯೇ ಉಳಿದರು.

ಇನ್ನೂ ಒಂದು ತಿರುವಿದೆ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, 1891ರ ಸುಮಾರಿಗೆ, ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಅವರು ಓದಿದರು. ವರ್ಷಗಟ್ಟಲೆ ಪಾದ್ರಿಯಾಗಿದ್ದು, ಒಂದು ದಿನ ತನ್ನದೇ ಪ್ರಸಂಗ ತನಗೇ ತಾಗಿ ಬದಲಾದ ಮನುಷ್ಯ ಹ್ಯಾಸ್ಲಮ್. ಓದುತ್ತಾ ರಮಾಬಾಯಿಗೆ ತಮ್ಮ ಬಗ್ಗೆಯೇ ಒಂದು ಸತ್ಯ ಹೊಳೆಯಿತು. ಕ್ರೈಸ್ತಧರ್ಮ ತಮಗೆ ಸಿಕ್ಕಿದೆ, ಕ್ರಿಸ್ತನು ಇನ್ನೂ ಸಿಕ್ಕಿಲ್ಲ. ತತ್ವಗಳನ್ನು ಒಪ್ಪಿದ್ದಾಯಿತು, ಯಾರನ್ನು ಕುರಿತು ಆ ತತ್ವಗಳಿವೆಯೋ ಅವನ ಕೈಗೆ ತಮ್ಮನ್ನು ಒಪ್ಪಿಸಿದ್ದಾಗಿಲ್ಲ. 1907ರಲ್ಲಿ ಬರೆದ ಸಾಕ್ಷ್ಯದಲ್ಲಿ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಹೊತ್ತಿಗೆ ಅವರು ದೇಶವಿದೇಶಗಳಲ್ಲಿ ಹೆಸರಾದವರು. ನನ್ನ ನಂಬಿಕೆ ಅರೆಬರೆಯಾಗಿತ್ತೆಂದು ಒಪ್ಪಿಕೊಳ್ಳುವ ಅಗತ್ಯ ಅವರಿಗಿರಲಿಲ್ಲ. ಆದರೂ ಹೇಳಿದರು. ಹೊಣೆ ಹೊರುವುದೆಂದರೆ ಬೇರೆಯವರನ್ನು ಪ್ರಶ್ನಿಸುವ ಧೈರ್ಯವಷ್ಟೇ ಸಾಲದು. ಅದೇ ಪ್ರಶ್ನೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವ ಧೈರ್ಯವೂ ಬೇಕು.

ಅವರ ಬದುಕು ತಕರಾರಿಲ್ಲದ್ದೇನಲ್ಲ. ಭಾರತಕ್ಕೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದಾಗ, ಅಲ್ಲಿ ಮತಪ್ರಚಾರ ನಡೆಯದೆಂಬ ಭರವಸೆಯಿತ್ತು. ರಮಾಬಾಯಿ ತಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ದೊಡ್ಡ ಗದ್ದಲವಾಯಿತು. ಸದನದ ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರು 1893ರಲ್ಲಿ ಹೊರನಡೆದರು, ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ನನ್ನ ನಂಬಿಕೆಯನ್ನು ಬಚ್ಚಿಡಲಾರೆ ಎಂಬ ಅವರ ಮಾತನ್ನೂ, ನಮ್ಮ ಮಕ್ಕಳನ್ನು ನಂಬಿಸಿ ಕಳುಹಿಸಿದ್ದೆವು ಎಂಬ ಮನೆಯವರ ಮಾತನ್ನೂ ನಾವು ಒಟ್ಟಿಗೆ ಕೇಳಿಸಿಕೊಳ್ಳಬೇಕು. ನನ್ನ ಆತ್ಮಸಾಕ್ಷಿಗೆ ನಾನು ಯಜಮಾನನಾದರೆ, ಪಕ್ಕದವರ ಆತ್ಮಸಾಕ್ಷಿಗೆ ಅವರೇ ಯಜಮಾನರು. ನಮ್ಮ ಸಂವಿಧಾನದ 25ನೆಯ ವಿಧಿ ಎಲ್ಲ ಜನರಿಗೂ ಸಮಾನವಾಗಿ ಕೊಟ್ಟಿರುವ ಹಕ್ಕು ಅದು. ಆಮಿಷದಿಂದಾಗಲಿ ಒತ್ತಡದಿಂದಾಗಲಿ ಬಂದ ನಂಬಿಕೆಗೆ ಹೊಣೆ ಹೊರುವವರೇ ಇರುವುದಿಲ್ಲ. ಅಂಥದ್ದನ್ನು ನಂಬಿಕೆ ಎಂದು ಕರೆಯಲು ಕ್ರೈಸ್ತರು ಮೊದಲು ನಾಚಬೇಕು.

ಆಮೇಲಿನ ಬರಗಾಲಗಳಲ್ಲಿ ರಮಾಬಾಯಿ ಪುಣೆಯ ಹತ್ತಿರ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಅನ್ನ, ಓದು, ಕಸುಬು ಕೊಟ್ಟರು. ನಮ್ಮ ಕಲಬುರಗಿಯಲ್ಲೂ ಒಂದು ಹೆಣ್ಣುಮಕ್ಕಳ ಶಾಲೆ ತೆರೆದು ಮಗಳು ಮನೋರಮೆಗೆ ವಹಿಸಿದರು. ಮೂಲದಲ್ಲಿ ಏನಿದೆಯೆಂದು ತಾವೇ ನೋಡಬೇಕೆಂದು ಹೀಬ್ರೂ ಮತ್ತು ಗ್ರೀಕ್ ಕಲಿತು, ಓದುಬರಹ ಈಗಷ್ಟೇ ಕಲಿತ ಹೆಂಗಸರಿಗೂ ತಿಳಿಯುವಂಥ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. ಅಚ್ಚುಮೊಳೆ ಜೋಡಿಸಿದವರು ಅಲ್ಲಿನ ಹೆಂಗಸರೇ. 1922ರ ಏಪ್ರಿಲ್‌ನಲ್ಲಿ ರಮಾಬಾಯಿ ತೀರಿಕೊಂಡರು; ಆ ಬೈಬಲ್ ಪೂರ್ತಿಯಾಗಿ ಹೊರಬಂದದ್ದು ಅವರ ನಂತರ. ಪತ್ರದಲ್ಲಿ ಆಧಾರ ಕೇಳಿದವರು ಕೊನೆಗೆ ಆಧಾರವನ್ನು ಎಲ್ಲರ ಕೈಗೆ ಕೊಡುವ ಕೆಲಸಕ್ಕೇ ಕೂತರು.

ಕೇಳುಗರೇ, ರಮಾಬಾಯಿಯವರ ಪಾಂಡಿತ್ಯ ನಮಗಿಲ್ಲ. ಆದರೆ ಆಧಾರ ನಮ್ಮ ಕೈಗೆ ಎಂದೋ ಬಂದಿದೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೇ ಇಡೀ ಸತ್ಯವೇದ ಕನ್ನಡದಲ್ಲಿ ಸಿದ್ಧವಾಗಿತ್ತು. ಹೆಚ್ಚುಕಡಿಮೆ ಇನ್ನೂರು ವರ್ಷ. ಓದಲು ಬಾರದವರ ಕಾಲದಲ್ಲಿ ಉಪದೇಶಿಗಳು ಓದಿ ಹೇಳುತ್ತಿದ್ದರು, ಅದು ಸರಿಯೇ. ಈಗ ಓದು ಬಂದಿದೆ, ಪುಸ್ತಕ ಮನೆಯಲ್ಲಿದೆ, ಫೋನಿನಲ್ಲೂ ಇದೆ. ಆದರೂ ನಮಗೆ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಬರುವ ಒಂದು ವಚನ ಸಾಕು. ಅದರ ಹಿಂದಿನ ಸಾಲಿನಲ್ಲಿ ಏನಿತ್ತು, ಮುಂದಿನದರಲ್ಲಿ ಏನಿದೆ ಎಂದು ತೆರೆದು ನೋಡುವುದಿಲ್ಲ. ಬೆರೋಯ ಎಂಬ ಊರಿನ ಜನ, ಬೋಧಿಸಿದವನು ಸಾಕ್ಷಾತ್ ಪೌಲನೇ ಆಗಿದ್ದರೂ, ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರವನ್ನು ಶೋಧಿಸಿದರು. ಅಪೊಸ್ತಲರ ಕೃತ್ಯಗಳ ಪುಸ್ತಕ ಅದಕ್ಕಾಗಿ ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ.

ಈ ಶೋಧನೆ ಇಲ್ಲದ ಕಡೆ ಏನಾಗುತ್ತಿದೆ ಎಂದು ನಮಗೆ ಗೊತ್ತಿದೆ. ಇಷ್ಟು ಕಾಣಿಕೆ ಕೊಟ್ಟರೆ ಅಷ್ಟು ಆಶೀರ್ವಾದ ಎಂದು ವೇದಿಕೆಯ ಮೇಲಿಂದ ಲೆಕ್ಕ ಹೇಳುವವರಿದ್ದಾರೆ. ಮಾತ್ರೆ ಬಿಟ್ಟರೆ ನಂಬಿಕೆ ತೋರಿಸಿದಂತೆ ಎಂದು ರೋಗಿಗಳಿಗೆ ಹೇಳುವವರೂ ಇದ್ದಾರೆ. ಕೇಳಿದ್ದು ಅವರ ತಪ್ಪಾದರೆ, ಪರೀಕ್ಷಿಸದೆ ಕೊಟ್ಟದ್ದರಲ್ಲಿ ನಮ್ಮ ಪಾಲೂ ಇದೆ. ದೇವರ ಸೇವಕರನ್ನು ಗೌರವಿಸುವುದು ಬೇರೆ, ನಮ್ಮ ತಲೆಯನ್ನು ಅವರ ಬಳಿ ಅಡವಿಡುವುದು ಬೇರೆ.

ಮನೆಯೊಳಗಿನ ಮಾತನ್ನೂ ಸ್ವಲ್ಪ ಗಮನಿಸಿ. ಕೋಪದಲ್ಲಿ ಹೆಂಡತಿಗೆ ಕೈ ಎತ್ತಿದವನು ಸೈತಾನ ಮಾಡಿಸಿದ ಎನ್ನುತ್ತಾನೆ. ಓದದೆ ಫೇಲಾದವನು ದೇವರ ಚಿತ್ತ ಎನ್ನುತ್ತಾನೆ. ಸಂಬಂಧ ನೋಡುವಾಗ ಹುಡುಗಿಯ ಮನೆಯವರು ಹಿಂದೆ ಯಾವ ಜಾತಿಯಿಂದ ಬಂದವರು ಎಂದು ಗುಟ್ಟಾಗಿ ವಿಚಾರಿಸುವ ಕ್ರೈಸ್ತ ಕುಟುಂಬ, ನಮಗೇನಿಲ್ಲ, ಹಿರಿಯರು ಒಪ್ಪುವುದಿಲ್ಲ ಎನ್ನುತ್ತದೆ. ಇದು ಹಳೆಯ ಚಾಳಿ. ಏದೆನ್ ತೋಟದಲ್ಲಿ ಆದಾಮ ಹವ್ವಳತ್ತ ಬೆರಳು ತೋರಿಸಿದ, ಹವ್ವ ಸರ್ಪದತ್ತ ತೋರಿಸಿದಳು. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದದ್ದಕ್ಕೆ ಮಕ್ಕಳ ಹಲ್ಲು ಚಳಿತವೆಂದು ಜನ ಹೇಳುತ್ತಿದ್ದ ಗಾದೆಯನ್ನು ಪ್ರವಾದಿ ಯೆಹೆಜ್ಕೇಲನು ಇನ್ನು ಸಾಕು ಎಂದು ನಿಲ್ಲಿಸಿದ. ಅವರವರ ನಡತೆಗೆ ಅವರವರೇ ಉತ್ತರವಾದಿಗಳು ಎಂಬುದು ಅವನ ಸಂದೇಶ. ವಿಶ್ವಾಸಪ್ರಮಾಣವನ್ನು ತಪ್ಪಿಲ್ಲದೆ ಹೇಳುವುದಕ್ಕಿಂತ, ತಪ್ಪು ನನ್ನದು ಎಂದು ಹೇಳುವುದರಲ್ಲೇ ನಮ್ಮ ನಂಬಿಕೆಯ ಗಟ್ಟಿತನ ಹೆಚ್ಚು ತಿಳಿಯುತ್ತದೆ.

ಹಾಗಾದರೆ ಸಭೆ ಬೇಡವೇ, ಪ್ರತಿಯೊಬ್ಬನೂ ತನ್ನ ಪಾಡಿಗೆ ತಾನು ನಂಬಿಕೊಂಡಿರಬಹುದೇ ಎಂದು ಯಾರಾದರೂ ಕೇಳಬಹುದು. ಗಲಾತ್ಯದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಪೌಲನು ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಹೇಳುತ್ತಾನೆ. ಮೂರೇ ವಚನ ದಾಟುವಷ್ಟರಲ್ಲಿ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತಾನೆ. ಮೇಲ್ನೋಟಕ್ಕೆ ಒಂದಕ್ಕೊಂದು ವಿರೋಧ. ಬದುಕಿನಲ್ಲಿ ನೋಡಿದರೆ ವಿರೋಧವಿಲ್ಲ. ಕಾಯಿಲೆ, ಸಾವು, ಸಾಲ, ಕುಸಿದ ಮನಸ್ಸು ಇವನ್ನು ಒಬ್ಬರೇ ಹೊರಲಾಗದು. ಅದಕ್ಕೆ ಸಭೆ ಬೇಕು. ಪ್ರಾರ್ಥನೆ ಬಾರದ ರಾತ್ರಿಗಳಲ್ಲಿ ಪಕ್ಕದವರ ಪ್ರಾರ್ಥನೆಯಲ್ಲೇ ನಾವು ಬದುಕುತ್ತೇವೆ. ಆದರೆ ನಂಬುತ್ತೇನೋ ಇಲ್ಲವೋ, ಕ್ಷಮಿಸುತ್ತೇನೋ ಇಲ್ಲವೋ, ಆಳಿಗೆ ಕೊಡಬೇಕಾದ ಕೂಲಿಯನ್ನು ಪೂರ್ತಿ ಕೊಡುತ್ತೇನೋ ಇಲ್ಲವೋ, ಇವುಗಳನ್ನು ಸಭೆಯ ಠರಾವಿನಿಂದ ತೀರ್ಮಾನಿಸಲಾಗದು. ತಮ್ಮ ಹೊರೆಯನ್ನು ಹೊರಬಲ್ಲವರು ಕೆಲವರಾದರೂ ಇದ್ದರೆ ತಾನೇ ಇನ್ನೊಬ್ಬರ ಭಾರಕ್ಕೆ ಹೆಗಲು ಸಿಗುವುದು?

ಇಡೀ ಸಭೆಗಳೂ ಈ ಪಾಠ ಕಲಿತದ್ದುಂಟು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಎಷ್ಟೋ ಮಂದಿಗೆ ಮನೆ, ಬಂಧುಗಳು, ಕಸುಬು ಎಲ್ಲ ತಪ್ಪಿಹೋಯಿತು. ಅವರ ಹೊಟ್ಟೆಪಾಡಿಗೆಂದು ಮಿಷನ್ನಿನವರು ನೇಯ್ಗೆ ಶಾಲೆ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ದೊಡ್ಡ ಉಪಕಾರ. ಆದರೆ ಪ್ರಸಂಗ ಹೇಳುವವರೂ ಅವರೇ, ಸಂಬಳ ಕೊಡುವವರೂ ಅವರೇ ಆದಾಗ, ಸಭೆಯವನಿಗೆ ಎದುರುತ್ತರ ಕೊಡುವುದು ಎಷ್ಟು ಕಷ್ಟವಿದ್ದೀತೆಂದು ಯೋಚಿಸಿ. ಮೊದಲನೆಯ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಆ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಆಸರೆ ಹೋದ ಮೇಲೂ ಸಭೆಗಳು ಉಳಿದವು. ನಮ್ಮ ನಾಡಿನ ಸಭಾಪಾಲಕರು, ಹಿರಿಯರು, ಮನೆಮನೆಯ ತಾಯಂದಿರು ಅವನ್ನು ನಡೆಸಿಕೊಂಡು ಬಂದರು. ಸಂಬಳಕ್ಕಾಗಿ ಕ್ರೈಸ್ತರಾದವರು ಎಂದು ಹಗುರವಾಗಿ ಮಾತಾಡಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಹೆತ್ತವರಿಗೆ ಒಂದು ಮಾತು. ಮಕ್ಕಳು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಹೀಗೆಲ್ಲ ಕೇಳಬಾರದು, ಪಾಪ ಬರುತ್ತದೆ ಎಂದು ಗದರಿಸಿದರೆ ಅವರು ಪ್ರಶ್ನೆಯನ್ನೇನೂ ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತಾರೆ. ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಒಟ್ಟಿಗೆ ಹುಡುಕೋಣ ಎನ್ನಿ. ನಾನಿನ್ನೂ ಸಿದ್ಧನಿಲ್ಲ, ಮುಂದಿನ ವರ್ಷ ದೃಢೀಕರಣ ತೆಗೆದುಕೊಳ್ಳುತ್ತೇನೆ ಎಂದು ಮಗ ಹೇಳಿದರೆ, ನೆಂಟರೇನೆನ್ನುತ್ತಾರೆ ಎಂದು ತಳ್ಳಬೇಡಿ. ತಿಳಿಯದೆ ಹೌದು ಎಂದವನಿಗಿಂತ, ತಿಳಿದು ತಡಮಾಡಿದವನು ತನ್ನ ಮಾತಿಗೆ ಹೆಚ್ಚು ಬೆಲೆ ಕೊಟ್ಟಿದ್ದಾನೆ. ತೋಮನು ಸಂಶಯಪಟ್ಟಾಗ ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನ ಅವನೂ ಅವರ ನಡುವೆಯೇ ಇದ್ದ, ಅಲ್ಲಿಯೇ ಅವನಿಗೆ ಉತ್ತರ ಸಿಕ್ಕಿತು.

ಸಭೆ ಬಿಟ್ಟು ದೂರವಾದವರೂ ಈ ಹೊತ್ತು ರೇಡಿಯೋ ಕೇಳುತ್ತಿರಬಹುದು. ಯಾರೋ ನೋಯಿಸಿದರೆಂದೋ, ಸಭೆಯ ಚುನಾವಣೆಯ ಜಗಳ ಕಂಡು ಬೇಸತ್ತೋ ನೀವು ಹೊರಗೆ ಬಂದಿರಬಹುದು. ನಿಮ್ಮ ನೋವು ನಿಜ. ಆದರೆ ಬೇರೆಯವರ ನಡತೆಯನ್ನು ನೋಡಿ ನಂಬಿದಂತೆಯೇ, ಬೇರೆಯವರ ನಡತೆಯನ್ನು ನೋಡಿ ಬಿಟ್ಟರೂ ತೀರ್ಮಾನ ಅವರ ಕೈಯಲ್ಲೇ ಉಳಿಯಿತು. ನಂಬುವುದಾದರೆ ನೀವೇ ನೋಡಿ ನಂಬಿ, ಬಿಡುವುದಾದರೂ ನೀವೇ ನೋಡಿ ಬಿಡಿ.

ಕೊನೆಯದಾಗಿ, ಕೈಗೆ ಹಿಡಿಯುವ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, ಹದಿನಾರೇ ಅಧ್ಯಾಯ. ಬಿಡುವಿನ ಒಂದು ಸಂಜೆಯಲ್ಲಿ ಮೊದಲಿನಿಂದ ಕೊನೆಯತನಕ ಓದಿ ಮುಗಿಸಬಹುದು. ಈ ವಾರ ಅದನ್ನು ಓದಿ. ಪ್ರಸಂಗ ಕೇಳುವ ಮೊದಲು ಓದಿ, ವ್ಯಾಖ್ಯಾನ ನೋಡುವ ಮೊದಲು ಓದಿ. ಮನಸ್ಸಿಗೆ ತಾಗಿದ ಕಡೆ ಒಂದು ಗುರುತು ಹಾಕಿ. ಒಪ್ಪಿಗೆಯಾಗದ ಕಡೆ, ಅರ್ಥವಾಗದ ಕಡೆ ಇನ್ನೊಂದು ಗುರುತು ಹಾಕಿ. ಆ ಎರಡನೆಯ ಗುರುತುಗಳನ್ನು ಅಳಿಸದೆ ಹಾಗೆಯೇ ನಿಮ್ಮ ಸಭಾಪಾಲಕರ ಬಳಿಗೆ ತೆಗೆದುಕೊಂಡು ಹೋಗಿ, ಕೂತು ಮಾತಾಡಿ. ಅವರ ಉತ್ತರವನ್ನು ಗೌರವದಿಂದ ಕೇಳಿ, ಮನೆಗೆ ಬಂದು ಮತ್ತೆ ತೂಗಿ ನೋಡಿ. ಹಾಗೆ ತೂಗಿ ಒಪ್ಪಿಕೊಂಡದ್ದು ಒಂದೇ ಮಾತಾದರೂ ಸರಿ, ಆ ಒಂದು ಮಾತಿನಂತೆ ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ, ಕಚೇರಿಯಲ್ಲಿ, ಗದ್ದೆಯಲ್ಲಿ ನಡೆಯಿರಿ. ಯಾಕೆ ಹೀಗೆ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಉತ್ತರಕ್ಕಾಗಿ ನೀವು ಬೇರೆ ಯಾರ ಹೆಸರನ್ನೂ ಹೇಳಬೇಕಾಗಿ ಬರುವುದಿಲ್ಲ.